ಮರಳು ದಿಬ್ಬದ ಮಸೂರ

ಅಪ್ಪನನ್ನು ಮಣ್ಣು ಮಾಡಿ ಬಂದ ಮೇಲೆ ಮಾರ್ನಿಗೆ ಯಾವುದೂ ತಟ್ಟುತ್ತಿರಲಿಲ್ಲ. ಅಕ್ಕ ಇಲೇನ್ ಅತ್ತಳು, ಬಂದವರ ಮೇಲೆ ರೇಗಿದಳು, ಅಪ್ಪನ ಬೂಟುಗಳನ್ನು ಶೆಡ್ಡಿನಾಚೆ ಎಸೆದು ಮತ್ತೆ ತಂದಿಟ್ಟಳು. ಮಾರ್ನಿ ಎಲ್ಲರಿಗೂ ಚಹಾ ಮಾಡಿಕೊಟ್ಟಳು. ಅಷ್ಟರಲ್ಲಿ ಯಾರ್ಕ್ ಪರ್ಯಾಯ ದ್ವೀಪದ ಮೇಲೆ ಮೊದಲ ಮಳೆ ಬಿತ್ತು. ಮಸೂರದ ಬಿತ್ತನೆ ಯಾರ ದುಃಖಕ್ಕೂ ಕಾಯುವಂಥದ್ದಲ್ಲ. ಇಲೇನ್ ಬಿತ್ತಿದಳು. ಅಪ್ಪ ಮಾಡುತ್ತಿದ್ದ ಸಿಂಪಡಣೆಯ ಕೆಲಸ ಮಾರ್ನಿಯ ಪಾಲಿಗೆ ಬಂತು.

ಔಷಧಿ ಗಾಳಿಗೆ ಹಾರದೆ ದಪ್ಪ ಹನಿಯಾಗಿ ಬೀಳಲೆಂದು ಅಪ್ಪ ಸಾಯುವ ಮುಂಚೆ ಸಿಂಪಡಣೆ ಯಂತ್ರಕ್ಕೆ ದೊಡ್ಡ ತೂತಿನ ಹೊಸ ನಾಜಲ್‌ಗಳನ್ನು ತರಿಸಿದ್ದ. ಮಾರ್ನಿ ಅವನ್ನು ಹಾಕಿದಳು. ಟ್ಯಾಂಕಿಗೆ ಮಾತ್ರ ಅಪ್ಪ ಹಳೆಯ ನಾಜಲ್‌ಗೆ ಹಾಕುತ್ತಿದ್ದಂತೆಯೇ ಹತ್ತು ಕಿಲೋ ಕಳೆನಾಶಕ ಸುರಿದಳು. ಐವತ್ತು ಹೆಕ್ಟೇರಿಗೆ ಬರಬೇಕಿದ್ದ ಟ್ಯಾಂಕು ಬೇಲಿ ಮುಟ್ಟುವ ಮೊದಲೇ ಖಾಲಿಯಾಯಿತು. ಅವಳು ನೋಡಿದಳು, ಹಿಂದಿರುಗಿ ಹೋಗಿ ತುಂಬಿಸಿದಳು, ಮತ್ತೆ ಹತ್ತು ಕಿಲೋ ಸುರಿದಳು.

ಆ ವಾರವೇ ಜೋರು ಮಳೆಯಾಯಿತು. ತಗ್ಗಿನ ಜೇಡಿಮಣ್ಣಿನಲ್ಲಿ ಮಸೂರ ಹೇಗೋ ತಡೆದುಕೊಂಡಿತು. ಮರಳು ದಿಬ್ಬದ ಮೇಲೆ ಮೊಳಕೆಯೊಡೆದು, ಹಳದಿಯಾಗಿ, ಎಲೆಯಂಚು ಸುಟ್ಟು ನೆಲಕ್ಕೊರಗಿತು. ಊರಿನವರು ರಾತ್ರಿ ಹಿಮ ಬಿದ್ದು ಸುಟ್ಟಿದೆ ಎಂದರು. ಇಲೇನ್ ದಿನಾ ದಿಬ್ಬ ಹತ್ತಿ ಇಳಿಯುತ್ತಿದ್ದಳು. ಒಂದು ಮಧ್ಯಾಹ್ನ ತಂಗಿಯನ್ನೂ ಕರೆದುಕೊಂಡು ಹೋದಳು.

"ಚಳಿ ತಗ್ಗಲ್ಲೇ ಕೂರೋದು, ಹಿಮ ಆದ್ರೆ ಅಲ್ಲಿ ಸುಡ್ಬೇಕಲ್ಲೇ," ಎಂದಳು. "ದಿಬ್ಬದ ಮೇಲೆ ಯಾಕೆ?"

"ಹಿಮ ಅಲ್ಲ. ನಾನೇ," ಎಂದಳು ಮಾರ್ನಿ. "ಟ್ಯಾಂಕು ಬೇಗ ಖಾಲಿ ಆಯ್ತು. ನೋಡ್ದೆ. ಮತ್ತೆ ತುಂಬ್ಸಿದೆ."

"ಯಾಕೆ ಹೀಗಾಯ್ತು ಅಂತ ಅನ್ನಿಸ್ಲಿಲ್ವಾ?"

"ಏನೂ ಅನ್ನಿಸ್ಲಿಲ್ಲ, ಇಲೇನ್. ಈಗ್ಲೂ ಅನ್ನಿಸ್ತಿಲ್ಲ."

ಇಲೇನ್ ತಂಗಿಯ ಮುಖವನ್ನೇ ನೋಡುತ್ತ ನಿಂತಳು. ಅಲ್ಲಿ ಅಳುವೂ ಇರಲಿಲ್ಲ, ಅಂಜಿಕೆಯೂ ಇರಲಿಲ್ಲ. ಸತ್ತ ಗಿಡವೊಂದನ್ನು ಕಿತ್ತು, ಬೇರು ನೋಡಿ ಬಿಸಾಕಿ, ಒಬ್ಬಳೇ ಇಳಿದು ಹೋದಳು. ಇನ್ನು ಅಕ್ಕ ಸಿಂಪಡಣೆಗೆ ಬಾಡಿಗೆಯವರನ್ನು ಕರೆಸುತ್ತಾಳೆ ಎಂದುಕೊಂಡಳು ಮಾರ್ನಿ. ಕರೆಸಿದರೂ ಸರಿಯೇ.

ಉಳಿದ ಬೆಳೆಗೆ ಬೂಜು ರೋಗದ ಔಷಧಿ ಹೊಡೆಯುವ ಹೊತ್ತಿಗೆ ಇಲೇನ್ ಅಳತೆಯ ಜಗ್ಗು ತಂದು ತಂಗಿಯ ಕೈಗಿಟ್ಟಳು. ಶಾಲೆಯಲ್ಲಿ ಮಾರ್ನಿಯ ಲೆಕ್ಕವನ್ನೆಲ್ಲ ಇಲೇನೇ ಬಿಡಿಸಿಕೊಡುತ್ತಿದ್ದಳು, ಮಾರ್ನಿ ನೋಡಿ ಬರೆಯುತ್ತಿದ್ದಳು.

"ಈ ಸಲ ನಂದು ನೋಡ್ಕೊಂಡು ಬರೆಯೋ ಹಾಗಿಲ್ಲ ಮಾರಾಯ್ತಿ. ನೀನೇ ಮಾಡು."

ಟ್ಯಾಂಕಿನಲ್ಲಿ ಬರೀ ನೀರಿತ್ತು. ಇಲೇನ್ ಪಂಪು ಹಾಕಿ ಗಡಿಯಾರದಲ್ಲಿ ನಿಮಿಷ ನೋಡಿದಳು. ಮಾರ್ನಿ ಒಂದೊಂದೇ ನಾಜಲ್ ಕೆಳಗೆ ಜಗ್ಗು ಹಿಡಿದಳು. ತಣ್ಣೀರು ಅಂಗಿಯ ತೋಳಿನೊಳಗೆ ಇಳಿಯಿತು. ನಿಮಿಷಕ್ಕೆ ಒಂದೂವರೆ ಲೀಟರ್, ಪ್ರತಿಯೊಂದರಲ್ಲೂ ಅಷ್ಟೇ. ಹಳೆಯವು ಸುರಿಸುತ್ತಿದ್ದದ್ದು ಒಂದು ಲೀಟರ್ ಇನ್ನೂರು ಮಿಲಿ.

ಅವಳು ಧೂಳು ಹಿಡಿದ ಟ್ರ್ಯಾಕ್ಟರ್ ಗಾಜಿನ ಮೇಲೆ ಬೆರಳಿನಿಂದಲೇ ತ್ರೈರಾಶಿ ಹಾಕಿದಳು. ಅದೇ ವೇಗದಲ್ಲಿ ಓಡಿಸಿದರೆ, ಒಂದು ಲೀಟರ್ ಇನ್ನೂರಕ್ಕೆ ಹೆಕ್ಟೇರಿಗೆ ಎಂಬತ್ತು ಲೀಟರ್ ಬೀಳುತ್ತಿತ್ತು; ಒಂದೂವರೆಗೆ ನೂರು. ನಾಲ್ಕು ಸಾವಿರ ಲೀಟರಿನ ಟ್ಯಾಂಕು ಐವತ್ತಲ್ಲ, ನಲವತ್ತು ಹೆಕ್ಟೇರಿಗೆ ಮುಗಿಯುತ್ತದೆ. ಹಾಗಾದರೆ ಕಳೆನಾಶಕವೂ ಎಂಟೇ ಕಿಲೋ ಸಾಕಿತ್ತು. ಅವಳು ಹತ್ತು ಹಾಕಿದ್ದಳು. ಕಾಲು ಪಾಲು ಹೆಚ್ಚು; ಮಳೆ ಅದನ್ನು ಮರಳಿನೊಳಗೆ ಬೇರಿಗೇ ಇಳಿಸಿತ್ತು. ಲೆಕ್ಕ ಬಿಡಿಸಿದಾಗಲೂ ಎದೆಯೊಳಗೆ ಏನೂ ಅಲುಗಲಿಲ್ಲ. ತಣ್ಣೀರಿಗೆ ಬೆರಳು ಮಾತ್ರ ಸೆಟೆದಿತ್ತು.

"ಇವತ್ತಿಗೆ ಎಷ್ಟು?" ಇಲೇನ್ ಕೇಳಿದಳು.

"ಹೆಕ್ಟೇರಿಗೆ ಅರ್ಧ ಲೀಟರ್. ಟ್ಯಾಂಕಿಗೆ ಇಪ್ಪತ್ತು."

"ಹಾಕು ಹಾಗಾದ್ರೆ."

ಆ ದಿನ ಟ್ಯಾಂಕು ನಲವತ್ತನೆಯ ಹೆಕ್ಟೇರಿಗೇ ಮುಗಿಯಿತು. ಮಾರ್ನಿ ಸಮಾಧಾನವಾಗುತ್ತದೇನೋ ಎಂದು ಸ್ವಲ್ಪ ಹೊತ್ತು ಕಾದಳು. ಆಗಲಿಲ್ಲ. ಹೋಗಿ ಮತ್ತೆ ಸರಿಯಾಗಿ ತುಂಬಿಸಿ ಬಂದಳು.

ಬೇಸಿಗೆಯ ಹೊತ್ತಿಗೆ ತಗ್ಗಿನಲ್ಲಿ ಒಳ್ಳೆಯ ಬೆಳೆಯೇ ಬಂತು. ದಿಬ್ಬ ಬೋಳಾಗಿಯೇ ಇತ್ತು. ಕಟಾವು ಯಂತ್ರ ಓಡಿಸುತ್ತಿದ್ದ ಇಲೇನ್ ಅಲ್ಲಿಗೆ ಬಂದಾಗ ಅಲಗನ್ನು ಮೇಲೆತ್ತಿ ಆಚೆ ದಾಟಿಸಿದಳು. ಪಕ್ಕದ ಸೀಟಿನಲ್ಲಿದ್ದ ಮಾರ್ನಿ ತಾವು ತಂದಿದ್ದ ಮಾಂಸದ ಕಡುಬನ್ನು ಮುರಿದು ದೊಡ್ಡ ತುಂಡು ಅಕ್ಕನಿಗೆ ಕೊಟ್ಟಳು.

"ತಣ್ಣಗಾಗಿದೆ," ಎಂದಳು ಇಲೇನ್.

"ಹೂಂ," ಎಂದು ಮಾರ್ನಿ ತನ್ನ ಪಾಲನ್ನು ತಿನ್ನತೊಡಗಿದಳು.