ಬಾಗಿಲಿನ ತೂಕ

ಅಕ್ಕನ ಗ್ಯಾರೇಜಿನ ಬಾಗಿಲಿನ ಸ್ಪ್ರಿಂಗು ಮುರಿದಿದೆ ಎಂದು ಫೋನು ಬಂದಾಗ ತಕ್ಕಡಿ, ತೂಕದ ಯಂತ್ರವನ್ನು ಚೀಲಕ್ಕೆ ಹಾಕಿಕೊಂಡೇ ಹೊರಟ. ನೆಂಟರು ಅವನಿಗೆ ತಕ್ಕಡಿ ಎಂದು ಹೆಸರಿಟ್ಟದ್ದೇ ಅದಕ್ಕೆ. ಮೂವತ್ತು ವರ್ಷದಿಂದ ಇಂಥ ಬಾಗಿಲುಗಳ ರಿಪೇರಿಯೇ ಕಸುಬು. ಬಾಗಿಲನ್ನು ತೂಗದೆ ಒಂದು ಸ್ಪ್ರಿಂಗನ್ನೂ ಆರಿಸಿದವನಲ್ಲ.

ಆ ಗ್ಯಾರೇಜಿನಲ್ಲಿ ಕಾರಿರಲಿಲ್ಲ, ಅಕ್ಕನ ಹೊಲಿಗೆ ಯಂತ್ರಗಳಿದ್ದವು. ದಿನಕ್ಕೆ ಹತ್ತು ಸಲ ಬಾಗಿಲು ಎತ್ತಿ ಇಳಿಸುವವಳು ಅವಳೇ. ಯಂತ್ರದ ಸದ್ದು ಬೀದಿಗೆ ಹೋಗದಿರಲೆಂದು ಭಾವ ಹೋದ ವರ್ಷ ಬಾಗಿಲಿನ ಒಳಮೈಗೆಲ್ಲ ಹಲಗೆ ಬಡಿದಿದ್ದ. ಬಂದವರಿಗೆಲ್ಲ ತಟ್ಟಿ ತೋರಿಸುತ್ತಿದ್ದ.

ತಕ್ಕಡಿ ಎರಡೂ ಬದಿಯ ಸ್ಪ್ರಿಂಗು ಕಳಚಿ ಬಾಗಿಲನ್ನು ತೂಕದ ಯಂತ್ರದ ಮೇಲೆ ಇಳಿಸಿದ. ಮುಳ್ಳು ಎಂಬತ್ತೆರಡಕ್ಕೆ ನಿಂತಿತು.

"ಇಲ್ಲಿದ್ದದ್ದು ಅರವತ್ತು ಕಿಲೋ ಹೊರೋ ಜೋಡಿ, ಭಾವ. ಹಲಗೆ ತೆಗೀರಿ, ಇಲ್ಲಾ ಎರಡೂ ಕಡೆ ದಪ್ಪದ್ದು ಹಾಕ್ಬೇಕು. ಬರೋಕೆ ಎಂಟು ದಿನ ಆಗುತ್ತೆ."

"ನನ್ನ ಹಲಗೆ ಮೇಲೇ ಯಾಕಯ್ಯಾ ನಿನ್ನ ಕಣ್ಣು? ಒಂದು ವರ್ಷ ನಡೀಲಿಲ್ವಾ?"

"ನಡೀತು. ಅದಕ್ಕೇ ಮುರೀತು."

ಅಕ್ಕನಿಗೆ ನಗು ಬಂತು. ಭಾವನಿಗೆ ಬರಲಿಲ್ಲ. ಅವನು ಹಿಡಿದ ಮೊಲಕ್ಕೆ ಮೂರೇ ಕಾಲು. ಅಂದೇ ಮಧ್ಯಾಹ್ನ ಚಿಕ್ಕ ಭಾವಮೈದನನ್ನು ಕರೆಸಿದ. ತಕ್ಕಡಿಯ ಏಣಿ ಹಿಡಿದೇ ಕೆಲಸ ಕಲಿತ ಈ ತಮ್ಮ ಗಾಳಿ ಬಂದ ಕಡೆ ತೂರಿಕೊಳ್ಳುವವ. "ಎಂಥಾ ಹಲಗೆ ಭಾವ! ಇದನ್ನ ಕೀಳೋಕೆ ಯಾರಿಗಾದ್ರೂ ಮನಸ್ಸು ಬರುತ್ತಾ?" ಎಂದು, ಮುರಿದದ್ದನ್ನು ಅಳೆದು, ಅದೇ ಅಳತೆಯ ಒಂದನ್ನು ಸಿಕ್ಕಿಸಿ ಹೋದ.

ಮರುದಿನವೇ ಅಕ್ಕ ತಕ್ಕಡಿಗೆ ಫೋನು ಮಾಡಿದಳು. "ಸೊಂಟದ ಮಟ್ಟಕ್ಕೆ ಬಂದು ಜಾರುತ್ತೆ ಕಣೋ. ಹೆಗಲು ಕೊಟ್ಟು ಎತ್ತಬೇಕು. ಬಂದು ನೋಡ್ತೀಯಾ?"

"ಹಾಕಿದವನನ್ನೇ ಕೇಳು."

"ಹೊಸದಲ್ವಾ, ಬರ್ತಾ ಬರ್ತಾ ಸರಿಹೋಗುತ್ತೆ ಅಂದ."

"ಹಾಗಾದ್ರೆ ಹೋಗುತ್ತೆ ಬಿಡು."

ಹಳೆಯದಾದಷ್ಟೂ ಸ್ಪ್ರಿಂಗು ಸೋಲುತ್ತದೆಯೇ ಹೊರತು ಗಟ್ಟಿಯಾಗುವುದಿಲ್ಲ. ಅದರ ಕೆಳಗೆ ಕೈಯಿಡಬೇಡ ಅಂತ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಬಿದ್ದಾಗ ಗೊತ್ತಾಗುತ್ತೆ ಎಂದುಕೊಂಡ. ಬೀಳುವುದೆಂದರೆ ಅವನ ಕಣ್ಣಿಗೆ ಕಟ್ಟಿದ್ದು ಭಾವನ ಇಳಿದ ಮುಖ ಮಾತ್ರ.

ಇಪ್ಪತ್ತನೆಯ ದಿನ ಬಿತ್ತು. ಅಕ್ಕನ ಬಲಗೈಯ ಮೂರು ಬೆರಳು ಜಜ್ಜಿಹೋದವು, ಒಂದನ್ನು ಉಳಿಸಲಾಗಲಿಲ್ಲ.

ಮೂರು ದಿನದ ಮೇಲೆ ಅವಳು ಆಸ್ಪತ್ರೆಯಿಂದ ಮನೆಗೆ ಬಂದಾಗ ತಕ್ಕಡಿ ದಪ್ಪ ಸ್ಪ್ರಿಂಗಿನ ಜೋಡಿ ಹಿಡಿದುಕೊಂಡು ಹೋದ. ಭಾವನೇ ಏಣಿ ಹಿಡಿದ. ಕೆಲಸ ಮುಗಿದ ಮೇಲೆ ಅಕ್ಕ ಎಡಗೈಯಲ್ಲಿ ಬಾಗಿಲೆತ್ತಿ ನೋಡಿದಳು. ಹಗುರವಾಗಿ ಎದ್ದಿತು, ಬಿಟ್ಟಲ್ಲೇ ನಿಂತಿತು.

"ಎಂಟು ದಿನ ಬೇಕು ಅಂದಿದ್ದೆಯಲ್ಲ. ಮೂರೇ ದಿನಕ್ಕೆ ಹೇಗೆ ಬಂತೋ?"

ಸುಳ್ಳು ಹೇಳಬೇಕೆಂದುಕೊಂಡ, ನಾಲಿಗೆ ತಿರುಗಲಿಲ್ಲ.

"ಬಾಗಿಲು ತೂಗಿದ ದಿನಾನೇ ತರಿಸೋಕೆ ಹೇಳಿದ್ದೆ. ಬಂದು ಎರಡು ವಾರ ಆಯ್ತು."

"ನಿನ್ನ ಹತ್ರಾನೇ ಇತ್ತಾ?"

ಅಕ್ಕ ಬೈಯಲಿಲ್ಲ. ಅವನು ಸಾಮಾನು ತುಂಬಿಕೊಂಡು ಹೊರಗೆ ಕಾಲಿಡುವವರೆಗೆ ಕಾದು, ಹಿಂದಿನಿಂದ ಬಾಗಿಲು ಇಳಿಸಿದಳು. ಒಂದಿಷ್ಟೂ ಸದ್ದಾಗಲಿಲ್ಲ.