ನೊರ್ಬೇರನ ಚೂರಿಯ ಒರೆ

ಹುಲ್ಲು ಕಂದಿ, ಬೆಳಗಿನ ಹೊತ್ತು ಮರದ ಬಾನಿಯ ನೀರಿನ ಮೇಲೆ ಹಿಮದ ತೆಳು ಪೊರೆ ಕಟ್ಟತೊಡಗಿತ್ತು. ಕಾಡೆಮ್ಮೆಗಳ ಬೇಟೆ ಮುಗಿಸಿ ಕೆಂಪು ನದಿಯ ದಂಡೆಯಲ್ಲಿ ಬೀಡುಬಿಟ್ಟಿದ್ದೆವು. ಗೂಟ ಹೊಡೆದು ಹರವಿದ ಚರ್ಮಗಳ ಮೇಲೆ ಹೆಂಗಸರು ಮಂಡಿಯೂರಿ ಕೆರೆಯುತ್ತಿದ್ದರು. ಮುದುಕಿ ಜೋಸೆತ್ ಮಾತ್ರ ತನ್ನ ಬಂಡಿಯ ನೆರಳಲ್ಲಿ ಕೂತು ನೊರ್ಬೇರನ ಚೂರಿಗೆ ಒರೆ ಹೊಲಿಯುತ್ತಿದ್ದಳು. ಅವಳಿಗೆ ಬೇಟೆಗೆ ಹೋಗಲು ಗಂಡನಿಲ್ಲ, ಮಗನಿಲ್ಲ. ಒರೆಗೆ ಬದಲು ಒಂದು ಚೀಲ ಒಣಮಾಂಸವೆಂದು ಮಾತಾಗಿತ್ತು. ಅವಳ ಚಳಿಗಾಲವೆಲ್ಲ ಆ ಚೀಲದಲ್ಲಿತ್ತು.

ನೊರ್ಬೇರನೆಂದರೆ ಒಂದು ಕಾಡೆಮ್ಮೆ ಹೊಡೆದು ಮೂರರ ಕಥೆ ಹೇಳುವವನು. ಒರೆಯ ಅಂಚಿಗೆಲ್ಲ ಹಿತ್ತಾಳೆ ಮೊಳೆ, ಎದೆಯ ಮೇಲೆ ಇಳಿಬಿಡಲು ಮಣಿ ಪೋಣಿಸಿದ ಪಟ್ಟಿ, ಎಲ್ಲವೂ ಬೇಕು ಅವನಿಗೆ.

"ಆಯ್ತೇನಜ್ಜಿ? ನಾಳೆ ಪ್ರಾರ್ಥನೆಗೆ ಹಾಕ್ಕೊಂಡು ಹೋಗ್ಬೇಕು."

"ಚರ್ಮ ಇನ್ನೂ ಹಸಿ ಕಣಪ್ಪ. ಒಳಗೆ ಚೂರಿ ಆಕಾರದ, ಕೊಬ್ಬು ಸವರಿದ ಮರದ ಅಚ್ಚು ಇಟ್ಟಿದೀನಿ. ನೆರಳಲ್ಲಿ ಒಣಗೋತನಕ ತೆಗೀಬೇಡ."

"ಮರದ ಚೂರಿ ನೇತ್ಹಾಕ್ಕೊಂಡು ಓಡಾಡೋಕೆ ನಾನೇನು ಮಗುವಾ?"

"ಅದನ್ನ ನೀನೇ ಹೇಳ್ಬೇಕು."

ನೊರ್ಬೇರ್ ಒರೆ ಕಿತ್ತುಕೊಂಡ. ಅಚ್ಚನ್ನು ತೆಗೆದು ತನ್ನ ಒಲೆಗೆಸೆದ, ತನ್ನ ಚೂರಿ ತುರುಕಿದ, ಬೆಂಕಿಯ ಪಕ್ಕ ಒಣಗಲಿಟ್ಟ. ಜೋಸೆತ್ ಚೀಲ ಕೇಳಿದರೆ, "ಎಲ್ಲಿಗೆ ಓಡಿಹೋಗ್ತೀನಿ?" ಎಂದ.

ಮರುದಿನ ಪಾದ್ರಿಗಳಿಗಿಂತ ಮುಂದೆ ಅವನ ಎದೆ ಬಂತು. ಪ್ರಾರ್ಥನೆ ಮುಗಿದು ಸುಟ್ಟ ಮಾಂಸಕ್ಕೆ ಕೂತೆವು. ನಮ್ಮಲ್ಲಿ ತುಂಡನ್ನು ಹಲ್ಲಲ್ಲಿ ಕಚ್ಚಿ, ತುಟಿಯ ಹತ್ತಿರ ಅವರವರ ಚೂರಿಯಲ್ಲೇ ಕೊಯ್ದು ತಿನ್ನುವುದು. ನೊರ್ಬೇರನೂ ಮಾಂಸ ಕಚ್ಚಿಕೊಂಡು ಹಿಡಿಗೆ ಕೈಹಾಕಿದ. ಚೂರಿ ಬರಲಿಲ್ಲ. ಬೆಂಕಿಗೆ ಬಿಗಿದ ಚರ್ಮ ಅಲಗನ್ನು ಅವುಚಿ ಹಿಡಿದಿತ್ತು. ಒರೆಯನ್ನು ಕೊರಳಿಂದ ತೆಗೆದು ಕಾಲಲ್ಲಿ ಒತ್ತಿ ಎರಡೂ ಕೈಯಲ್ಲಿ ಎಳೆದ. ಬಾಯಲ್ಲಿ ಮಾಂಸ ಹಾಗೇ ಜೋತಾಡುತ್ತಿತ್ತು.

"ಚೂರಿ ಇವತ್ತು ಉಪವಾಸ ಇರ್ಬೇಕು," ಎಂದ ನನ್ನ ಭಾವ.

ನೊರ್ಬೇರ್ ಸೀದಾ ಮುದುಕಿಯ ಮುಂದೆ ಹೋಗಿ ನಿಂತ. "ಏನು ದರಿದ್ರ ಒರೆ ಇದು! ಚೀಲ ಗೀಲ ಏನೂ ಇಲ್ಲ."

"ಸರಿ. ಹಾಗಾದ್ರೆ ಒರೆ ನಂದು. ನಿನ್ನ ಚೂರಿ ತಗೊಂಡು ಹೋಗು."

ಎಳೆದ, ತಿರುಚಿದ. ಕುತ್ತಿಗೆಯ ನರ ಉಬ್ಬಿತು. "ಈ ಒರೇನೇ ಕೊಯ್ದು ಹಾಕ್ತೀನಿ!"

"ಯಾವ ಚೂರೀಲಪ್ಪ?"

ಬೀಡಿಗೆ ಬೀಡೇ ನಕ್ಕಿತು. ಯಾರೂ ತಮ್ಮ ಚೂರಿ ಕೊಡಲಿಲ್ಲ. ಕೊನೆಗೆ ಅವನ ಹೆಂಡತಿ, ಹಲ್ಲಿಲ್ಲದವರಿಗೆ ಮಾಡುವ ಹಾಗೆ, ಮಾಂಸವನ್ನು ಸಣ್ಣಗೆ ಹೆಚ್ಚಿ ಮುಂದಿಟ್ಟಳು. ತಲೆ ಎತ್ತದೆ ತಿಂದ.

ಸಂಜೆಯ ಹೊತ್ತಿಗೆ ನೊರ್ಬೇರ್ ಚೀಲ ಹೊತ್ತು ತಂದ. ಜೋಸೆತ್ ಅದರ ಬಾಯಿ ಬಿಚ್ಚಿ ಮೂಸಿ, ತಳದವರೆಗೂ ಕೈಹಾಕಿ ನೋಡಿ, ಬಂಡಿಯೊಳಗೆ ಅವನ ಕೈಯಲ್ಲೇ ಇಡಿಸಿದಳು. ಆಮೇಲೆ ಒರೆಯನ್ನು ಚೂರಿ ಸಮೇತ ನೀರಿನ ಬಾನಿಗೆ ಹಾಕಿದಳು.

ಬೆಳಿಗ್ಗೆ ಚರ್ಮ ಮೆತ್ತಗಾಗಿತ್ತು. ತುಕ್ಕು ಹಿಡಿದ ಚೂರಿ ಸಲೀಸಾಗಿ ಹೊರಬಂತು.

"ಅಚ್ಚು ತಾ, ಮತ್ತೆ ಸರಿಯಾಗಿ ಒಣಗಿಸಿ ಕೊಡ್ತೀನಿ," ಎಂದಳು ಜೋಸೆತ್.

ನೊರ್ಬೇರ್ ತನ್ನ ಒಲೆಯ ಬೂದಿಯ ಕಡೆ ನೋಡಿದ.