ನೂರೊಂದನೇ ನಂಬರಿನ ಸೇಬು

ಗೆರೆಯಣ್ಣನಿಗೆ ಈ ಲೋಕದಲ್ಲಿ ಎರಡೇ ಭಯ. ಒಂದು ಸೂಜಿ, ಇನ್ನೊಂದು ಹೆಂಡತಿ. ದಿನವಿಡೀ ತನ್ನ ಲಾಂಡ್ರಿಯಲ್ಲಿ ಬಿಸಿ ಇಸ್ತ್ರಿಪೆಟ್ಟಿಗೆ ಹಿಡಿದು, ತರಕಾರಿ ಹೆಚ್ಚಬಹುದಾದಷ್ಟು ಚೂಪಾದ ಗೆರೆಯನ್ನು ಪ್ಯಾಂಟಿನ ಮೇಲೆ ಎಳೆಯುತ್ತಿದ್ದ ಆಸಾಮಿ, ಹೆಂಡತಿ ಗುಂಡಿ ಹೊಲಿಯಲು ಕೂತರೆ ಮಾತ್ರ ಮುಖ ಗೋಡೆಗೆ ತಿರುಗಿಸಿಬಿಡುತ್ತಿದ್ದ. ಅಂಥವನಿಗೆ ಡಾಕ್ಟರಮ್ಮ ಹೇಳಿಬಿಟ್ಟರು: ಮೂರು ತಿಂಗಳಲ್ಲಿ ರಕ್ತದ ಸಕ್ಕರೆ ಇಳಿಯದಿದ್ದರೆ ದಿನಾ ಹೊಟ್ಟೆಗೆ ಸೂಜಿ.

"ಹೊಟ್ಟೆಗಾ?" ಅವನು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡ. "ಸಿಹಿ ಮುಟ್ಟಿ ವರ್ಷ ಆಯ್ತು ಡಾಕ್ಟ್ರೇ! ಬರೀ ಒಣಹಣ್ಣು ತಿಂತೀನಿ, ಆಣೆಗೂ."

ಸಾಕ್ಷಿಗೆಂದು ಜೇಬಿನಿಂದ ಒಣ ಅನಾನಸ್ಸಿನ ಪೊಟ್ಟಣವನ್ನೂ ತೆಗೆದಿಟ್ಟ. ಡಾಕ್ಟರಮ್ಮ ಅದರ ಹಿಂಬದಿಯ ಸಣ್ಣಕ್ಷರ ಓದಿ ನಕ್ಕರು.

"ಯಜಮಾನ್ರೇ, ಇದ್ರಲ್ಲಿ ಅರ್ಧಕ್ಕರ್ಧ ಸಕ್ಕರೆ. ಹಣ್ಣು ಬರೀ ನೆಪಕ್ಕೆ."

ಪಾಪ, ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಅವನು ವರ್ಷವಿಡೀ ಪೊಟ್ಟಣದ ಹಿಂಬದಿ ನೋಡದೆ ತಿಂದಿದ್ದ. ಮರುದಿನದಿಂದ ಹೆಂಡತಿ ಕಲೆ ಹುಡುಕಲು ಬಳಸುವ ಭೂತಗನ್ನಡಿಯನ್ನು ಎತ್ತಿಕೊಂಡು ಅಂಗಡಿ ಅಂಗಡಿ ಅಲೆದ. ಮಾವು? ಸಕ್ಕರೆ. ಪಪ್ಪಾಯಿ? ಸಕ್ಕರೆ. ಮುಂದೆ ದಪ್ಪಕ್ಷರದಲ್ಲಿ 'ಅಪ್ಪಟ ಹಣ್ಣು' ಎಂದು ಬರೆದದ್ದರ ಹಿಂದೆ ಗ್ಲೂಕೋಸ್ ಪಾಕ. ಮೂರನೇ ಅಂಗಡಿಯವನಿಗೆ ತಾಳ್ಮೆ ತಪ್ಪಿತು.

"ಅಣ್ಣಾ, ನೀವು ಹಣ್ಣು ತಗೊಳ್ಳೋಕೆ ಬಂದ್ರೋ, ತನಿಖೆ ಮಾಡೋಕೆ ಬಂದ್ರೋ?"

ಬರಿಗೈಯಲ್ಲಿ ಲಾಂಡ್ರಿಗೆ ಮರಳಿ, ಒದ್ದೆ ಬೆಡ್‌ಶೀಟು ಹೊತ್ತು ಒಣಗಿಸುವ ಕೋಣೆಗೆ ಕಾಲಿಟ್ಟಾಗ ಮುಖಕ್ಕೆ ಬಿಸಿಗಾಳಿ ಬಡಿಯಿತು. ಅಯ್ಯೋ ನನ್ನ ದಡ್ಡತಲೆಯೇ! ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದೆನಲ್ಲ! ಹಣ್ಣನ್ನು ಇಲ್ಲೇ ಒಣಗಿಸಬಹುದು!

ಆದರೆ ಆ ಕೋಣೆ ನಂಬರಕ್ಕನ ರಾಜ್ಯ. ಅವನ ಹೆಂಡತಿಗೆ ಬೀದಿಯವರಿಟ್ಟ ಹೆಸರು ಅದು. ಒಬ್ಬೊಬ್ಬ ಗಿರಾಕಿಗೆ ಒಂದೊಂದು ಕಾಯಂ ನಂಬರು, ಕಾಲುಚೀಲಕ್ಕೂ ಬಟ್ಟೆಯ ಚೀಟಿ. ನಂಬರಿಲ್ಲದ ಚಿಂದಿ ಕಂಡರೂ ಆಕೆ ಬಾಗಿಲಾಚೆ ಎಸೆಯುತ್ತಿದ್ದಳು. ನಂಬರಿದ್ದದ್ದನ್ನು ಮಾತ್ರ ಬಿಚ್ಚುವಂತಿಲ್ಲ, ಕೇಳುವಂತಿಲ್ಲ, ಆ ಗಿರಾಕಿಗೇ ಸೇರಬೇಕು. ಗಿರಾಕಿಗಳು ಲೆಕ್ಕಕ್ಕೆ ಸರಿಯಾಗಿ ನೂರು ಮಂದಿ.

ಗೆರೆಯಣ್ಣ ಸೇಬು ತಂದ. ಮೊದಲ ಸಲ ದಪ್ಪಗೆ ಹೆಚ್ಚಿದ್ದಕ್ಕೆ ನಡುವೆ ಒಣಗದೆ ಬೂಷ್ಟು ಬಂತು. ಎರಡನೆಯ ಸಲ ಕಾಲರಿನಷ್ಟು ತೆಳ್ಳಗೆ ಹೆಚ್ಚಿ, ನಿಂಬೆರಸದ ನೀರಿನಲ್ಲಿ ಅದ್ದಿ, ಹೊಸ ಬಲೆಚೀಲದಲ್ಲಿ ಒಂದರ ಮೇಲೊಂದು ಬೀಳದಂತೆ ಹರಡಿ, ಪರದೆಗಳ ಹಿಂದೆ ತೂಗುಹಾಕಿದ. ಚೀಲಕ್ಕೊಂದು ಚೀಟಿ ಕಟ್ಟಿದ: ನೂರೊಂದು. ಇಲ್ಲದ ಗಿರಾಕಿಯ ಮಾಲನ್ನು ಯಾರು ಕೇಳುತ್ತಾರೆ? ತನ್ನ ಬುದ್ಧಿಗೆ ತಾನೇ ಬೆನ್ನು ತಟ್ಟಿಕೊಂಡ.

ಎರಡು ದಿನ ಕಳೆದು ಒಂದು ಚೂರು ಬಾಯಿಗಿಟ್ಟ. ಮೊದಲು ಹುಳಿ, ಅಗಿಯುತ್ತಾ ಹೋದಂತೆ ಸಿಹಿ. ಸೇಬಿನದೇ ಸಿಹಿ, ಯಾರೂ ಹಾಕಿದ್ದಲ್ಲ! ಅವನು ಒಬ್ಬನೇ ನಿಂತು ನಕ್ಕುಬಿಟ್ಟ. ಅಂದಿನಿಂದ ಅಂಗಡಿಯ ಪೊಟ್ಟಣ ನಿಂತಿತು, ದಿನಕ್ಕೆ ಐದು ಚೂರು ಶುರುವಾಯಿತು, ಸಂಜೆ ನಡಿಗೆಯೂ ಸೇರಿಕೊಂಡಿತು. ಎರಡೂವರೆ ತಿಂಗಳು ಯಾರಿಗೂ ತಿಳಿಯಲಿಲ್ಲ. ಪರೀಕ್ಷೆಗೆ ರಕ್ತ ಕೊಡುವ ದಿನವೂ ಬಂತು. ಅವನು ಕಣ್ಣು ಮುಚ್ಚಿ, ಮನಸ್ಸಿನಲ್ಲೇ ಸೇಬು ಎಣಿಸುತ್ತಾ ಕೊಟ್ಟುಬಂದ.

ಶುಕ್ರವಾರ ಬೆಳಿಗ್ಗೆ ನೋಡಿದರೆ ಬಲೆಚೀಲ ಮಾಯ.

"ಲೇ, ಪರದೆ ಹಿಂದೆ ಒಂದು ಚೀಲ..." ಎಂದು ರಾಗ ಎಳೆದ.

"ನೂರೊಂದಾ? ನಿನ್ನೆನೇ ಗಿರಾಕಿ ಬಟ್ಟೆ ಜೊತೆ ಕಟ್ಟಿ ಕಳಿಸ್ದೆ," ಎಂದಳು ನಂಬರಕ್ಕ, ತಲೆಯೆತ್ತದೆ.

"ನೂರೊಂದು ಅನ್ನೋ ಗಿರಾಕಿನೇ ಇಲ್ವಲ್ಲ!"

"ಹೋದ ವಾರ ಸೇರಿದ್ರು. ಬಟ್ಟೆ ನಾನೇ ಇಸ್ತ್ರಿ ಮಾಡ್ದೆ."

ಅಷ್ಟರಲ್ಲಿ ನೂರೊಂದನೇ ಗಿರಾಕಿಯೇ ಬಾಗಿಲಲ್ಲಿ ನಿಂತಿದ್ದರು. ಮೈಮೇಲೆ ಹಾಲಿನಷ್ಟು ಬಿಳಿ ಕೋಟು, ಒಂದು ಕೈಯಲ್ಲಿ ಬಲೆಚೀಲ, ಇನ್ನೊಂದು ಕೈಯಲ್ಲಿ ರಿಪೋರ್ಟು. ಡಾಕ್ಟರಮ್ಮ! ಮುಗೀತು, ಇವತ್ತೇ ಸೂಜಿ ಎಂದುಕೊಂಡು ಗೆರೆಯಣ್ಣ ಎರಡೂ ಕೈಯಿಂದ ಹೊಟ್ಟೆ ಮುಚ್ಚಿಕೊಂಡ.

"ಇದನ್ನ ಮಾಡಿದ್ದು ಯಾರು?"

"ನಾನೇ. ತಪ್ಪಾಯ್ತು ಡಾಕ್ಟ್ರೇ. ಆದ್ರೆ ಒಂದು ಕಾಳು ಸಕ್ಕರೆ ಹಾಕಿಲ್ಲ."

"ಗೊತ್ತು. ಅರ್ಧ ಚೀಲ ನಾನೇ ತಿಂದು ನೋಡಿದ್ದೀನಿ." ಅವರು ರಿಪೋರ್ಟನ್ನು ಇಸ್ತ್ರಿಮೇಜಿನ ಮೇಲೆ ಹರಡಿದರು. "ಚೆನ್ನಾಗಿ ಇಳಿದಿದೆ. ಸೂಜಿ ಬೇಡ. ಆದ್ರೆ ಸಕ್ಕರೆ ಹಾಕದಿದ್ರೂ ಹಣ್ಣಿನ ಸಿಹಿ ಹಣ್ಣಲ್ಲೇ ಇರುತ್ತೆ. ದಿನಕ್ಕೆ ನಾಲ್ಕೇ ಚೂರು, ತಿಳೀತಾ?"

ಗೆರೆಯಣ್ಣನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಡಾಕ್ಟರಮ್ಮನ ತೋಳು ಹಿಡಿದು ಇಸ್ತ್ರಿಯಾದ ಕೋಟಿಗೇ ಮತ್ತೊಂದು ಗೆರೆ ಎಳೆಯುವವನಂತೆ ನೇವರಿಸಿದ. ಅವರು ನಗುತ್ತಾ ಬಿಡಿಸಿಕೊಂಡು, ಉಳಿದ ಸೇಬಿನಲ್ಲಿ ಒಂದು ಹಿಡಿ ಕೋಟಿನ ಜೇಬಿಗೆ ಸೇರಿಸಿ, ಚೀಲವನ್ನು ಮೇಜಿನ ಮೇಲಿಟ್ಟು ಹೊರಟರು.

ಆಮೇಲೆ ಅವನು ಹೆಂಡತಿಯ ಕಡೆ ತಿರುಗಿದ. ಆಕೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

"ನಿಂಗೆ ಮೊದ್ಲೇ ಗೊತ್ತಿತ್ತಾ?"

"ನನ್ನ ನೂರು ಗಿರಾಕಿ ನಂಗೆ ಗೊತ್ತಿಲ್ವಾ? ಮೊದಲ್ನೇ ದಿನಾನೇ ಕಂಡೆ. ಸೇಬಿನ ವಾಸ್ನೆ ಬೇರೆ!" ಎಂದು ಮೂಗೆಳೆದುಕೊಂಡಳು. "ಅದು ನಿಮಗೆ ಒಳ್ಳೇದೋ ಕೆಟ್ಟದ್ದೋ ತಿಳೀದೆ ನಂಗೆ ನಿದ್ದೆ ಇಲ್ಲ. ಕೇಳಿದ್ರೆ ನೀವು ಇನ್ನೆಲ್ಲೋ ಬಚ್ಚಿಡ್ತೀರಿ. ಅದಕ್ಕೇ ಡಾಕ್ಟರಮ್ಮನ ಹತ್ರ ಹೋಗಿ, ನಿಮ್ಮ ಕೋಟು ಒಗೆಯೋಕೆ ನಮಗೇ ಕೊಡಿ ಅಂತ ಕೇಳ್ಕೊಂಡೆ. ನಿಮ್ಮ ಚೀಟಿಗೆ ಗಿರಾಕಿ ಹುಡುಕಿದೆ ಕಣ್ರೀ."

ಮೂವತ್ತು ವರ್ಷ ಹೆದರಿದ್ದು ಇವಳಿಗೇನಾ? ಇವಳೇ ತನಗಾಗಿ ಇಷ್ಟು ಹೆದರಿದ್ದಳಲ್ಲ! ಅವನು ಬಲೆಚೀಲದಿಂದ ಐದು ಚೂರು ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟ.

"ನಾಲ್ಕು ಅಂದಿಲ್ವಾ ಅವ್ರು?" ನಂಬರಕ್ಕ ಗದರಿದಳು. "ಐದನೇದು ಯಾರಿಗೆ?"

"ಎರಡೂವರೆ ತಿಂಗಳು ವಾಸ್ನೆ ಕುಡಿದೋಳಿಗೆ," ಎಂದು ಅವನು ಎಲ್ಲಕ್ಕಿಂತ ದೊಡ್ಡ ಚೂರನ್ನು ಅವಳ ಕೈಗಿಟ್ಟ.